ಕೆಂಚನ ಕೀಲುನೋವು ಮತ್ತು ನಮ್ಮ ಬಾಯಲ್ಲಿನ ಒಂದು ಹಳೆಯ ಮಾತು



ನನಗೆ ದೂರವಾಣಿ ಮಾಡುವ ಹಳೆಯ ವಿದ್ಯಾರ್ಥಿಗಳು ನನ್ನ ಆರೋಗ್ಯವನ್ನು ವಿಚಾರಿಸಿದ ನಂತರ ಸಾಮಾನ್ಯವಾಗಿ ಕೇಳುವ ಎರಡನೆಯ ಪ್ರಶ್ನೆ, "ಕೆಂಚ ಹೇಗಿದ್ದಾನೆ ಸರ್?" ಎಂಬುದು. ನಿವೃತ್ತಿಯ ದಿನಗಳ ಬಗ್ಗೆ ನಾನು ಬರೆದ ಲೇಖನಗಳಲ್ಲೆಲ್ಲ ಅವನು ಒಂದಲ್ಲ ಒಂದು ಕಡೆ ಬಾಲ ಅಲ್ಲಾಡಿಸಿರುವುದರಿಂದ ಅವನ ಪರಿಚಯ ನಿಮಗೆಲ್ಲ ಇದೆ. ಬಹಳ ಕಾಲ ನಾನು ಆ ಪ್ರಶ್ನೆಗೆ, "ಇದ್ದಾನಪ್ಪ, ವಯಸ್ಸಾಯಿತು ನೋಡು" ಎಂದು ಉತ್ತರಿಸುತ್ತಿದ್ದೆ. ಆ ಉತ್ತರ ಎಷ್ಟು ತಪ್ಪಾಗಿತ್ತು, ಆ ತಪ್ಪಿನಿಂದ ಒಂದು ಮೂಕಪ್ರಾಣಿ ಎಷ್ಟು ದಿನ ನೋವು ತಿಂದಿತು ಎಂಬುದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ನಾಯಿಗಳಿವೆ. ಅವೂ ಒಂದು ದಿನ ಮುದಿಯಾಗುತ್ತವೆ. ನನ್ನ ತಪ್ಪು ನಿಮಗೆ ಪಾಠವಾದರೆ ಅಷ್ಟರಮಟ್ಟಿಗೆ ನನ್ನ ಮನಸ್ಸು ಹಗುರವಾದೀತು.

2013ರ ಮಳೆಗಾಲದಲ್ಲಿ ನನ್ನ ಮಗ ಎರಡು ತಿಂಗಳ ಒಂದು ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದ. ತಾಯಿ ಲ್ಯಾಬ್ರಡಾರ್, ತಂದೆ ಊರ ನಾಯಿ. ಬಣ್ಣ ಕೆಂಚು, ಆದ್ದರಿಂದ ಹೆಸರೂ ಕೆಂಚ. ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟುಹೋದ. ಕೆಂಚ ನಮ್ಮವನಾಗಿ ಉಳಿದ. 2017ರಲ್ಲಿ ನಾನು ನಿವೃತ್ತನಾದ ಮೇಲಂತೂ ಬೆಳಗಿನ ವಾಯುಸಂಚಾರಕ್ಕೆ ಅವನೇ ನನ್ನ ಸಂಗಾತಿ. ಆರು ಗಂಟೆಗೆ ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿದರೆ ಸಾಕು, ಜಗುಲಿಯ ಐದು ಮೆಟ್ಟಿಲುಗಳನ್ನು ಎರಡೇ ನೆಗೆತದಲ್ಲಿ ಇಳಿದು ಗೇಟಿನ ಬಳಿ ನಿಂತಿರುತ್ತಿದ್ದ.

2023ರ ಮಳೆಗಾಲದಲ್ಲಿ ಅವನು ಗೇಟಿಗೆ ಹೋಗುವುದನ್ನು ಬಿಟ್ಟ. ಗಂಟೆ ಕೇಳಿದಾಗ ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಿದ್ದ. ಏಳುವಾಗ ಮುಂಗಾಲುಗಳನ್ನು ಊರಿ, ಸ್ವಲ್ಪ ಹೊತ್ತು ಹಾಗೆಯೇ ಕುಳಿತು, ಆಮೇಲೆ ಹಿಂಭಾಗವನ್ನು ಎಳೆದುಕೊಳ್ಳುವಂತೆ ಏಳುತ್ತಿದ್ದ. ಹತ್ತು ಹೆಜ್ಜೆ ನಡೆದ ಮೇಲೆ ನಡಿಗೆ ಸರಿಹೋಗುತ್ತಿತ್ತು. "ಸೋಮಾರಿಯಾಗಿದ್ದಾನೆ" ಎಂದೆ ನಾನು. "ವಯಸ್ಸಾಯಿತಲ್ಲ" ಎಂದರು ನನ್ನ ಶ್ರೀಮತಿಯವರು. ಇಬ್ಬರಿಗೂ ಸಮಾಧಾನವಾಯಿತು. ಒಂದು ಬೆಳಿಗ್ಗೆ ವಾಯುಸಂಚಾರಕ್ಕೆ ಬಾರದೆ ಮೆಟ್ಟಿಲ ಮೇಲೇ ನಿಂತವನನ್ನು ಸರಪಳಿ ಹಿಡಿದು ಬಲವಾಗಿ ಎಳೆದೆ. ಅವನು ಕುಂಯ್ ಎನ್ನಲಿಲ್ಲ. ಇಳಿದು ಬಂದ, ನನ್ನ ಕೈಯನ್ನು ನೆಕ್ಕಿದ. ಆ ನೆಕ್ಕುವಿಕೆಯನ್ನು ನಾನು ವಿಧೇಯತೆ ಎಂದು ತಿಳಿದೆ.

ಕಣ್ಣು ತೆರೆಸಿದವನು ರಜೆಗೆ ಬಂದಿದ್ದ ಏಳು ವರ್ಷದ ಮೊಮ್ಮಗ. ಅಂಗಳದಲ್ಲಿ ಚೆಂಡೆಸೆದು ಆಡುತ್ತಿದ್ದವನು ಒಳಗೆ ಓಡಿಬಂದು, "ಅಜ್ಜ, ಕೆಂಚ ಎರಡೂ ಹಿಂದಿನ ಕಾಲು ಒಟ್ಟಿಗೇ ಎತ್ತಿ ಓಡ್ತಾನೆ, ಮೊಲದ ಥರ!" ಎಂದ. ಅವನಿಗೆ ಅದೊಂದು ತಮಾಷೆ. ನಾನು ಹೊರಗೆ ಬಂದು ನಿಂತು ನೋಡಿದೆ. ಮಗು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸೊಂಟದ ಕೀಲು ನೋಯುವ ನಾಯಿ ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಬೀಸಲಾರದೆ ಎರಡನ್ನೂ ಜೋಡಿಸಿ ನೆಗೆಯುತ್ತದೆಂದು ನನಗೆ ತಿಳಿದದ್ದು ಮರುದಿನ, ಪಶುವೈದ್ಯೆಯ ಮುಂದೆ ನಿಂತಾಗ.

ಆ ವೈದ್ಯೆ ನನ್ನ ಕೊನೆಯ ತಂಡದ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ. ಕೆಂಚನ ಎರಡೂ ತೊಡೆಗಳನ್ನು ಮುಟ್ಟಿ ನೋಡುವಂತೆ ನನಗೇ ಹೇಳಿದಳು. ಮಾಂಸ ಕರಗಿ ತೊಡೆಗಳು ತೆಳ್ಳಗಾಗಿದ್ದವು. ಭುಜಗಳು ಮಾತ್ರ ದಪ್ಪಗಾಗಿದ್ದವು. ನಾಯಿ ಸಹಜವಾಗಿಯೇ ಮೈಭಾರದ ಸುಮಾರು ನೂರಕ್ಕೆ ಅರವತ್ತು ಪಾಲನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಹಿಂಗಾಲು ನೋಯತೊಡಗಿದರೆ ಇನ್ನಷ್ಟು ಭಾರವನ್ನು ಮುಂದಕ್ಕೆ ದೂಡುತ್ತದೆ. ಎಕ್ಸ್-ರೇಯಲ್ಲಿ ಸೊಂಟದ ಕೀಲುಗಳ ಅಂಚಿನಲ್ಲಿ ಎಲುಬಿನ ಮುಳ್ಳುಗಳಂತಹ ಬೆಳವಣಿಗೆ ಕಾಣಿಸಿತು. ಕೀಲಿನೊಳಗೆ ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದು, ಸುತ್ತಲಿನ ಪೊರೆ ಉರಿಯೂತಕ್ಕೊಳಗಾಗಿ, ಪ್ರತಿ ಚಲನೆಯೂ ನೋವಾಗುವ ಸ್ಥಿತಿಯೇ ಆರ್ಥ್ರೈಟಿಸ್. ನೋವೆಂದು ನಾಯಿ ಓಡಾಡುವುದಿಲ್ಲ. ಓಡಾಡದಿದ್ದರೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಕೀಲಿಗೆ ಆಸರೆ ತಪ್ಪಿ ನೋವು ಹೆಚ್ಚುತ್ತದೆ. "ಸರ್, ಇದು ಇವತ್ತು ನಿನ್ನೆಯದಲ್ಲ. ಒಂದು ವರ್ಷದಿಂದಾದರೂ ಇದ್ದಿರಬೇಕು" ಎಂದಳು. ನಾನು ತಲೆ ತಗ್ಗಿಸಿದೆ.

ಏಕೆಂದರೆ ಇನ್ನೊಂದು ವಿಷಯವನ್ನು ನಾನು ಅವಳಿಗೆ ಹೇಳಬೇಕಾಗಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ, ಕೆಂಚ ಕುಂಟುತ್ತಿದ್ದುದನ್ನು ಕಂಡು, ನನ್ನ ಮೊಣಕಾಲು ನೋವಿಗೆಂದು ಬರೆದುಕೊಟ್ಟಿದ್ದ ಡೈಕ್ಲೋಫೆನಾಕ್ ಮಾತ್ರೆಯನ್ನು ಅರ್ಧ ಮುರಿದು ಇಡ್ಲಿಯ ತುಂಡಿನಲ್ಲಿಟ್ಟು ಎರಡು ದಿನ ತಿನ್ನಿಸಿದ್ದೆ. ಮೂರನೆಯ ದಿನ ಅವನು ವಾಂತಿ ಮಾಡಿಕೊಂಡ. ಮಲ ಡಾಂಬರಿನಂತೆ ಕಪ್ಪಗಿತ್ತು. ಹೊಟ್ಟೆ ಕೆಟ್ಟಿರಬೇಕೆಂದು ಮಜ್ಜಿಗೆಯನ್ನ ಹಾಕಿದೆವು. ಕಪ್ಪು ಮಲವೆಂದರೆ ಜಠರ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆ ಎಂದು ಅರ್ಥವಂತೆ. "ಮನುಷ್ಯರ ನೋವಿನ ಮಾತ್ರೆ ಒಂದನ್ನೂ ನಾಯಿಗೆ ಕೊಡಬೇಡಿ ಸರ್. ಡೈಕ್ಲೋಫೆನಾಕ್, ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಯಾವುದನ್ನೂ ನೀವಾಗಿ ಕೊಡಬೇಡಿ. ಇವನು ಬದುಕಿದ್ದು ಪುಣ್ಯ" ಎಂದಳು. ಬಿ.ಎಡ್. ಮಾಡಿ ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಈ ಸಾಮಾನ್ಯ ಜ್ಞಾನ ಇರಲಿಲ್ಲ.

ನಾಚಿಕೆಯಾಗಲು ಇನ್ನೊಂದು ಕಾರಣವೂ ಇತ್ತು. ರಣಹದ್ದುಗಳ ನಾಶದ ಕಥೆಯನ್ನು ತರಗತಿಯಲ್ಲಿ ಹೇಳಿದವನು ನಾನೇ. ದನಕರುಗಳ ನೋವಿಗೆಂದು ಕೊಟ್ಟ ಇದೇ ಡೈಕ್ಲೋಫೆನಾಕ್ ಅವುಗಳ ಕಳೇಬರದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡಗಳನ್ನು ಹಾಳುಮಾಡುತ್ತಿತ್ತೆಂಬುದು 2004ರಲ್ಲಿ ಪ್ರಕಟವಾಯಿತು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ನಮ್ಮ ದೇಶದಿಂದ ಕಣ್ಮರೆಯಾದವು. 2006ರಲ್ಲಿ ಪಶುಗಳಿಗೆ ಆ ಔಷಧದ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದಾಗ ಪತ್ರಿಕೆಯ ತುಣುಕನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದ್ದೆ. ಒಂದು ಪ್ರಾಣಿಗೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದೆಂದು ಮಕ್ಕಳಿಗೆ ಹೇಳಿದ ಕೈಯೇ ಇಡ್ಲಿಯಲ್ಲಿ ಮಾತ್ರೆಯನ್ನು ಅಡಗಿಸಿಟ್ಟಿತ್ತು. ವೈದ್ಯೆ ಕೆಂಚನಿಗೆ ಬರೆದುಕೊಟ್ಟದ್ದು ಮೆಲಾಕ್ಸಿಕ್ಯಾಮ್. ರಣಹದ್ದುಗಳಿಗೆ ಅಪಾಯವಿಲ್ಲವೆಂದು ಡೈಕ್ಲೋಫೆನಾಕಿಗೆ ಬದಲಾಗಿ ಸೂಚಿಸಲಾದ ಔಷಧವೂ ಅದೇ. ಅದನ್ನೂ ತೂಕಕ್ಕೆ ಸರಿಯಾದ ಅಳತೆಯಲ್ಲಿ, ಊಟದ ಜೊತೆಗೆ, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಯೇ ಕೊಡಬೇಕು; ಸ್ಟಿರಾಯ್ಡ್ ಜೊತೆ ಕೂಡದು; ವಾಂತಿ, ಭೇದಿ, ಕಪ್ಪು ಮಲ ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಆದರೆ ಮಾತ್ರೆ ಅವಳು ಹೇಳಿದ ಎರಡನೆಯ ಮಾತು. ಮೊದಲನೆಯದು, "ಇವನ ತೂಕ ಇಳಿಸಿ ಸರ್." ಆಗ ಕೆಂಚನ ತೂಕ 36 ಕಿಲೋ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ಸಂಜೆ ಮೊಮ್ಮಕ್ಕಳ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ನೋಯುವ ಕೀಲಿನ ಮೇಲೆ ಆರೇಳು ಕಿಲೋ ಅಕ್ಕಿಯ ಚೀಲವನ್ನು ನಾವೇ ಪ್ರೀತಿಯಿಂದ ಹೊರಿಸಿಟ್ಟಿದ್ದೆವು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಗಿದೆ. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25 ಪಾಲು ಕಡಿಮೆ ಆಹಾರ. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದು 11.2 ವರ್ಷ. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ಕಡಿಮೆ ತಿಂದವುಗಳಿಗೆ ಸುಮಾರು ಮೂರು ವರ್ಷ ತಡವಾಗಿ. ಇದನ್ನು ಶ್ರೀಮತಿಯವರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಮರುದಿನ ಕೆಂಚನ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಬೇಯಿಸಿದ ಕುಂಬಳಕಾಯಿ, ಬೀನ್ಸ್ ಹೆಚ್ಚಾಗಿತ್ತು. ಈರುಳ್ಳಿ, ದ್ರಾಕ್ಷಿ ನಾಯಿಗಳಿಗೆ ವಿಷವೆಂಬುದನ್ನೂ ಅವರು ಆಗ ಕೇಳಿ ತಿಳಿದುಕೊಂಡರು. ಏಳು ತಿಂಗಳಲ್ಲಿ ತೂಕ 30 ಕಿಲೋಗೆ ಇಳಿಯಿತು.

ಉಳಿದವೆಲ್ಲ ಮನೆಯ ಉಪಾಯಗಳು. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರಿದಾಗಲೆಲ್ಲ ಅವನಿಗೆ ಜೀವ ಹೋದಂತಾಗುತ್ತಿದ್ದಿರಬೇಕು. ಜಗುಲಿಯಿಂದ ಅಡುಗೆಮನೆಯವರೆಗೆ ಅವನು ಓಡಾಡುವ ದಾರಿಯಲ್ಲಿ ಗೋಣಿಚೀಲಗಳನ್ನು ಹೊಲಿದು ಹಾಸಿದೆವು. ಬಂದ ನೆಂಟರು ನಕ್ಕರು, ನಗಲಿ. ಉಗುರುಗಳನ್ನು ತಿಂಗಳಿಗೊಮ್ಮೆ ಕತ್ತರಿಸಿದೆವು. ಉದ್ದನೆಯ ಉಗುರಿನಿಂದ ಪಾದ ಸರಿಯಾಗಿ ನೆಲಕ್ಕೆ ಊರುವುದಿಲ್ಲ. ಮಲಗಲು ಹಳೆಯ ತೆಂಗಿನ ನಾರಿನ ಹಾಸಿಗೆಯ ಮೇಲೆ ಮಡಿಸಿದ ಕಂಬಳಿ. ಮೆಟ್ಟಿಲುಗಳ ಪಕ್ಕಕ್ಕೆ ಬಡಗಿಯಿಂದ ಒಂದು ಹಲಗೆಯನ್ನು ಇಳಿಜಾರಾಗಿ ಹಾಕಿಸಿ, ಜಾರದಂತೆ ಅಡ್ಡಪಟ್ಟಿಗಳನ್ನು ಹೊಡೆಸಿದೆ. ಚಳಿಯ ಬೆಳಗಿನಲ್ಲಿ ಬೆಚ್ಚಗಿನ ನೀರಿನ ಚೀಲವನ್ನು ದಪ್ಪ ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಸೊಂಟದ ಮೇಲಿಡುತ್ತೇನೆ. ಶಾಖ ಹೆಚ್ಚಾದರೆ ಅವನು ಹೇಳಲಾರನಾದ್ದರಿಂದ ಮೊದಲು ನನ್ನ ಮುಂಗೈ ಮೇಲಿಟ್ಟು ನೋಡುತ್ತೇನೆ. ಒಂದು ಗಂಟೆಯ ವಾಯುಸಂಚಾರ ಹೋಗಿ ದಿನಕ್ಕೆ ಮೂರು ಬಾರಿ ಹತ್ತು ಹತ್ತು ನಿಮಿಷಗಳ ನಿಧಾನ ನಡಿಗೆ ಬಂದಿದೆ. ಪೂರ್ಣ ವಿಶ್ರಾಂತಿ ಕೊಟ್ಟರೆ ಕೀಲು ಹಿಡಿದುಕೊಳ್ಳುತ್ತದೆ. ಭಾನುವಾರ ಮಾತ್ರ ದೂರ ನಡೆಸಿದರೆ ಸೋಮವಾರ ಏಳಲಾರ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನನ್ನ ಹಳೆಯ ವೃತ್ತಿಯ ಒಂದು ಅಭ್ಯಾಸ. ವೈದ್ಯೆಯ ಮೇಜಿನ ಮುಂದೆ ನಿಂತಾಗ ಗಾಬರಿಯಲ್ಲಿ ನಾಯಿಗಳು ಕುಂಟುವುದನ್ನೇ ಮರೆಯುತ್ತವೆ. ಆದ್ದರಿಂದ ಮನೆಯಲ್ಲಿ ಅವನು ಏಳುವುದನ್ನೂ ನಡೆಯುವುದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ತರಲು ಅವಳು ಹೇಳಿದಳು. ಜೊತೆಗೆ ನಾನೊಂದು ಹಾಜರಿ ಪುಸ್ತಕವನ್ನೂ ತೆರೆದೆ. ಪ್ರತಿದಿನ ನಾಲ್ಕು ಕಾಲಮ್ಮುಗಳು: ಒಂದೇ ಪ್ರಯತ್ನಕ್ಕೆ ಎದ್ದನೇ? ಮೆಟ್ಟಿಲಿಳಿದನೇ? ರಾತ್ರಿ ಎಷ್ಟು ಬಾರಿ ಜಾಗ ಬದಲಿಸಿದ? ಹಾಲಿನವನ ಗಂಟೆಗೆ ಗೇಟಿಗೆ ಹೋದನೇ? ಪುಟ ತಿರುಗಿಸಿದಾಗ ನನ್ನ ನೆನಪು ಎಷ್ಟು ಸುಳ್ಳು ಹೇಳುತ್ತದೆಂದು ತಿಳಿಯಿತು. "ಈ ವಾರ ಚೆನ್ನಾಗಿದ್ದ" ಎಂದುಕೊಂಡ ವಾರದಲ್ಲಿ ಮೂರು ದಿನ ಅವನು ಎರಡನೆಯ ಪ್ರಯತ್ನಕ್ಕೆ ಎದ್ದಿದ್ದ. ವೈದ್ಯೆ ಔಷಧದ ಅಳತೆಯನ್ನು ತೀರ್ಮಾನಿಸಿದ್ದು ನನ್ನ ಬಾಯಿಮಾತಿನಿಂದಲ್ಲ, ಆ ಪುಸ್ತಕದಿಂದ.

ಹಾಜರಿ ಪುಸ್ತಕದ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. 1990ರ ಸುಮಾರಿಗೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಕರೆದಾಗ ಎಲ್ಲರೂ ಚಟ್ಟನೆ ಎದ್ದು ನಿಲ್ಲಬೇಕೆಂಬುದು ನನ್ನ ಕಟ್ಟುನಿಟ್ಟು. ಅವನು ಮಾತ್ರ ಬೆಂಚನ್ನು ಹಿಡಿದುಕೊಂಡು ನಿಧಾನವಾಗಿ ಏಳುತ್ತಿದ್ದ. ಉಡಾಫೆಯೆಂದು ತಿಳಿದು ಒಂದು ದಿನ ಇಡೀ ಪಿರಿಯಡ್ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಬಾಯಿ ಬಿಡಲಿಲ್ಲ. ವಾರ ಕಳೆದ ಮೇಲೆ ಅವನ ತಾಯಿ ಬಂದು, "ಸರ್, ಮಗೂಗೆ ಕೀಲೆಲ್ಲ ಊದಿಕೊಂಡಿದೆ, ರುಮ್ಯಾಟಿಕ್ ಜ್ವರ ಅಂತಾರೆ. ಸ್ವಲ್ಪ ದಿನ ರಜೆ ಬೇಕು" ಎಂದು ಚೀಟಿ ಕೊಟ್ಟು ಹೋದರು. ಬೆಂಚಿನ ಮೇಲೆ ನಿಂತ ವಿಷಯವನ್ನು ಅವನು ಮನೆಯಲ್ಲಿಯೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಆತ ಇದನ್ನು ಓದುತ್ತಿದ್ದರೆ ತಿಳಿಯಲಿ: ಅಂದು ಕೇಳಬೇಕಾಗಿದ್ದ ಕ್ಷಮೆಯನ್ನು ಇಂದು ಕೇಳುತ್ತಿದ್ದೇನೆ. ಕೆಂಚನನ್ನು ಮೆಟ್ಟಿಲಿನಿಂದ ಎಳೆದ ನೆನಪು ಬಂದಾಗಲೆಲ್ಲ ಆ ಬೆಂಚೂ ನೆನಪಿಗೆ ಬರುತ್ತದೆ. ಅತ್ತವನಿಗೆ ಮಾತ್ರ ನೋವಿದೆ, ಸುಮ್ಮನಿದ್ದವನಿಗೆ ಸೋಮಾರಿತನವಿದೆ ಎಂಬ ಲೆಕ್ಕ ಎರಡೂ ಕಡೆ ಒಂದೇ ಆಗಿತ್ತು.

ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ. ನನ್ನ ಭಾವನವರು ಊಟಕ್ಕೆ ಬಂದಿದ್ದಾಗ ಗೋಣಿಚೀಲದ ದಾರಿಯನ್ನು ನೋಡಿ, "ಅಲ್ಲ ಭಾವ, ನಾಯಿಗೆ ಮಾಡೋ ಈ ಖರ್ಚಲ್ಲಿ ಒಬ್ಬ ಬಡ ಹುಡುಗನ ಫೀಸು ಕಟ್ಟಬಹುದಿತ್ತು" ಎಂದರು. ಮಾತು ಹಗುರವಾದದ್ದಲ್ಲ, ಮೇಷ್ಟರಾಗಿದ್ದವನಿಗೆ ಅದು ನಾಟಿತು. ಯೋಚಿಸಿ ನೋಡಿದಾಗ ನನಗೆ ಕಂಡದ್ದು ಇಷ್ಟು: ಕೆಂಚನಿಗೆ ಹೆಚ್ಚು ಸುಖ ಕೊಟ್ಟ ಸಂಗತಿಗಳಿಗೆ ಖರ್ಚೇ ಆಗಲಿಲ್ಲ. ಕಡಿಮೆ ಹಾಕಿದ ಅನ್ನ ಉಳಿತಾಯವೇ. ಗೋಣಿಚೀಲ, ಕಂಬಳಿ ಮನೆಯಲ್ಲೇ ಇದ್ದವು. ನಡಿಗೆಗೆ ಬೇಕಾದದ್ದು ಸಮಯ, ಅದು ನಿವೃತ್ತನ ಬಳಿ ಬೇಕಾದಷ್ಟಿದೆ. ಮಾತ್ರೆಗೆ, ಪರೀಕ್ಷೆಗೆ ಹಣ ಬೇಕು, ನಿಜ. ಆದರೆ ಹತ್ತು ವರ್ಷ ಮನೆ ಕಾಯಿಸಿಕೊಂಡ ಮೇಲೆ ಲೆಕ್ಕದ ಪುಸ್ತಕವನ್ನು ಅವನ ಮುಪ್ಪಿನಲ್ಲಿ ಮಾತ್ರ ತೆರೆಯುವುದು ನ್ಯಾಯವೇ? ಆ ಹುಡುಗನ ಫೀಸು ನನ್ನ ಕರ್ತವ್ಯವಾದರೆ ಅದನ್ನು ಕಟ್ಟಲು ನನ್ನ ಬೇರೆ ಖರ್ಚುಗಳಿವೆ. ಅದನ್ನು ಕೆಂಚನ ಮಾತ್ರೆಯಿಂದಲೇ ಉಳಿಸಬೇಕಾಗಿಲ್ಲ. ಭಾವನವರು ಒಪ್ಪಿದರೋ ಇಲ್ಲವೋ ತಿಳಿಯದು. ಏಳುವಾಗ ಕೆಂಚನನ್ನು ದಾಟದೆ ಸುತ್ತಿ ಹೋದರು.

ಇನ್ನೊಬ್ಬರು, ಹೆಸರು ಬೇಡ, ದೂರದ ಸಂತೆಯಲ್ಲಿ ಬಿಟ್ಟುಬರುವ ಸಲಹೆಯನ್ನು ಕೊಟ್ಟರು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರಲಿ, ಎದ್ದು ನಿಲ್ಲಲು ಕಷ್ಟಪಡುವ ನಾಯಿ ಸಂತೆಯಲ್ಲಿ ಬೇರೆ ನಾಯಿಗಳ ನಡುವೆ ಎಷ್ಟು ಗಂಟೆ ಬದುಕೀತು ಎಂಬುದನ್ನು ಆ ಮಹನೀಯರು ಯೋಚಿಸಿದ್ದಂತೆ ಕಾಣಲಿಲ್ಲ.

ಸಮಾಜವಿಜ್ಞಾನದ ಮೇಷ್ಟರಾದ ನನಗೆ ಈ ವಿಚಾರದಲ್ಲಿ ಮತ್ತೆ ಮತ್ತೆ ನೆನಪಾಗುವುದು ಆತಕೂರಿನ ಶಾಸನ. ಪ್ರವಾಸದಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆ ಕಲ್ಲಿನ ಮುಂದೆ ನಿಮ್ಮನ್ನು ಸಾಲಾಗಿ ನಿಲ್ಲಿಸಿದ್ದು ಕೆಲವರಿಗಾದರೂ ನೆನಪಿರಬಹುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಿನ ಶಾಸನವದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯುವಂತೆ ವ್ಯವಸ್ಥೆ ಮಾಡಿದರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗದ ಚಿತ್ರವೂ ಇದೆ. ನಾಯಿಯನ್ನು ಗೌರವಿಸುವುದು ಪರದೇಶದ ಶೋಕಿ ಎನ್ನುವವರಿಗೆ ನಾನು ಈ ಶಾಸನವನ್ನೇ ತೋರಿಸುತ್ತೇನೆ. ಆದರೆ ತರಗತಿಯಲ್ಲಿ ಎಂದೂ ಕೇಳದ ಒಂದು ಪ್ರಶ್ನೆ ಈಗ ನನ್ನಲ್ಲಿ ಹುಟ್ಟುತ್ತದೆ. ಕಾಳಿ ಅಂದು ಸಾಯದೆ ಗೆದ್ದು ಬಂದಿದ್ದರೆ? ನಾಲ್ಕಾರು ವರ್ಷ ಕಳೆದು ಸೊಂಟ ಹಿಡಿದು, ಬೇಟೆಗೆ ಹೋಗಲಾರದೆ ಅಂಗಳದ ಮೂಲೆಯಲ್ಲಿ ಮಲಗಿದ್ದರೆ? ವೀರಮರಣಕ್ಕೆ ಕಲ್ಲು ನಿಲ್ಲಿಸುವುದು ನಮಗೆ ಗೊತ್ತು. ದಿನದಿನದ ನೋವಿಗೆ ಗೋಣಿಚೀಲ ಹಾಸುವುದನ್ನು ನಾವಿನ್ನೂ ಕಲಿಯಬೇಕಾಗಿದೆ.

"ವಯಸ್ಸಾಯಿತು" ಎಂಬ ಮಾತಿನ ಮೇಲೆ ನನ್ನ ದೂರು ಇದೇ. ಅದು ಸುಳ್ಳಲ್ಲ, ಆದರೆ ಅದನ್ನು ಹೇಳಿದ ಕ್ಷಣದಿಂದ ನಾವು ನೋಡುವುದನ್ನು ನಿಲ್ಲಿಸುತ್ತೇವೆ. ವಯಸ್ಸಿಗೆ ಮದ್ದಿಲ್ಲ, ನೋವಿಗೆ ಇದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಮದ್ದಿರುವುದೂ ಮದ್ದಿಲ್ಲದ್ದರ ಲೆಕ್ಕಕ್ಕೆ ಸೇರಿಹೋಗುತ್ತದೆ. ವಿಜ್ಞಾನ ಮುಂದುವರಿಯುತ್ತಲೇ ಇದೆ. ನಾಯಿಗಳ ಕೀಲುನೋವಿಗೆ ತಿಂಗಳಿಗೊಮ್ಮೆ ಚುಚ್ಚುವ ಬೆಡಿನ್‌ವೆಟ್‌ಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2024ರ ಡಿಸೆಂಬರಿನಲ್ಲಿ ಅದರ ಅಡ್ಡಪರಿಣಾಮಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಕರೇ ಪಶುವೈದ್ಯರನ್ನು ಎಚ್ಚರಿಸಿದರು. ಯಾವ ಮದ್ದೂ ಮಂತ್ರವಲ್ಲ. ಯಾವುದು ತಕ್ಕದ್ದೆಂದು ಹೇಳಬೇಕಾದವರು ವೈದ್ಯರು. ಪ್ರಾಣಿಯನ್ನು ಅವರವರೆಗೆ ಕರೆದೊಯ್ಯಬೇಕಾದವರು ಮಾತ್ರ ನಾವು.

ಕೆಂಚನಿಗೆ ಈಗ ಹನ್ನೆರಡು ದಾಟಿದೆ. ಅವನ ಕೀಲು ಸರಿಹೋಗಿಲ್ಲ, ಹೋಗುವುದೂ ಇಲ್ಲ. ಮಳೆ ಹಿಡಿದ ದಿನಗಳಲ್ಲಿ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತುಗಳೇ ಹೆಚ್ಚು. ಗುರುತುಗಳೆಲ್ಲ ಕೆಂಪಾಗುವ ತಿಂಗಳೊಂದು ಬಂದರೆ, ಮದ್ದಿನಿಂದಲೂ ನೋವು ಇಳಿಯದಿದ್ದರೆ, ಅವನನ್ನು ನೋವಿಲ್ಲದೆ ಕಳುಹಿಸಿಕೊಡುವ ಮಾತನ್ನು ವೈದ್ಯೆಯೊಡನೆ ಆಡಬೇಕಾಗುತ್ತದೆಂದು ನಾನೂ ಶ್ರೀಮತಿಯವರೂ ಒಂದು ರಾತ್ರಿ ಕುಳಿತು ಮಾತನಾಡಿದ್ದೇವೆ. ಆ ದಿನ ನನ್ನ ಅನುಕೂಲಕ್ಕಾಗಿ ಬೇಗ ಬರಬಾರದು, ನನ್ನ ಮೋಹಕ್ಕಾಗಿ ತಡವಾಗಿಯೂ ಬರಬಾರದು. ಆ ಪುಸ್ತಕವನ್ನು ಪ್ರಾಮಾಣಿಕವಾಗಿ ತುಂಬುತ್ತಿರುವುದು ಈಗ ಅದಕ್ಕಾಗಿಯೂ ಹೌದು.

ಸದ್ಯಕ್ಕೆ, ಈ ದಿನ ಬೆಳಿಗ್ಗೆ ಹಾಲಿನವನ ಗಂಟೆ ಕೇಳಿಸಿದಾಗ ಅವನು ಒಂದೇ ಪ್ರಯತ್ನಕ್ಕೆ ಎದ್ದ. ಹಲಗೆಯ ಮೇಲೆ ನಿಧಾನವಾಗಿ ಇಳಿದು ಗೇಟಿನವರೆಗೆ ಹೋಗಿ ಕುಳಿತ. ಹಾಲಿನವನು ಅಷ್ಟರಲ್ಲಿ ಎರಡು ಮನೆ ದಾಟಿ ಹೋಗಿದ್ದ. ಕೆಂಚನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ನಿಮ್ಮ ಮನೆಯಲ್ಲಿ ಏಳೆಂಟು ವರ್ಷ ದಾಟಿದ ನಾಯಿ ಇದ್ದರೆ ನಾಳೆ ಬೆಳಿಗ್ಗೆ ಅದು ಮಲಗಿದಲ್ಲಿಂದ ಏಳುವುದನ್ನು ಒಮ್ಮೆ ಸುಮ್ಮನೆ ನಿಂತು ನೋಡಿ. ಕಂಡದ್ದನ್ನು ನನಗೂ ಬರೆದು ತಿಳಿಸಿ. ಹಾಗೆಯೇ, ಮನೆಯಲ್ಲಿ "ನನಗೇನಿಲ್ಲಪ್ಪ, ವಯಸ್ಸಾಯಿತಲ್ಲ" ಎನ್ನುವ ತಂದೆತಾಯಿಗಳಿದ್ದರೆ ಅವರು ಕುರ್ಚಿಯಿಂದ ಏಳುವುದನ್ನೂ ನೋಡಿ. ಅವರು ಹೇಳುವುದನ್ನೆಲ್ಲ ನಂಬಬೇಡಿ; ನಾನೂ ಹಾಗೆ ಹೇಳುವವರಲ್ಲಿ ಒಬ್ಬ.

ಇಂತು,
ನಿಮ್ಮ ಮೇಷ್ಟರು